ಸಿಂದವಾಡಿ
ಪೆದ್ದಹರಿವಾಣ ಎಂಬ ಊರಿನ ಸುತ್ತಲಿನ ಆದೋನಿ, ಆಲೂರು, ಬಳ್ಳಾರಿ ಸೀಮೆಗಳಿಗೆ ಶಾಸನಗಳಲ್ಲಿರುವ ಹೆಸರು ‘ಸಿಂದವಾಡಿ’. ಗಂಗವಾಡಿ, ನೊಳಂಬವಾಡಿಗಳಲ್ಲಿರುವಂತೆ ನೆಲೆ ಎಂಬ ಅರ್ಥದ ‘ಪಾಡಿ’ ಶಬ್ದವು ಸಮಾಸದಲ್ಲಿ ‘ವಾಡಿ’ಯಾಗಿ ಸಿಂದರೆಂಬ ಅರಸುಮನೆತನದ ಹೆಸರಿಗೆ ಸೇರಿಕೊಂಡಿದೆ. ನಾಗವಂಶದವರೆಂದು ಹೇಳಿಕೊಂಡ ಈ ಮನೆತನದ ಮೂಲಪುರುಷನು ಸಿಂಧೂ ಪ್ರದೇಶದ ಅಹಿಚ್ಛತ್ರದಲ್ಲಿ ನಾಗರಾಜ ಧರಣೇಂದ್ರನಿಗೆ ಜನಿಸಿ, ಹುಲಿಯ ಹಾಲುಂಡು ಬೆಳೆದು, ಮುಂದೆ ಕರಹಾಟದಲ್ಲಿ, ಅಂದರೆ ಇಂದಿನ ಕರಾಡದಲ್ಲಿ, ನೆಲೆಸಿದನೆಂದು ಬಾಗಲಕೋಟೆ ಸೀಮೆಯ ಭೈರನಮಟ್ಟಿ ಶಾಸನವು ಹೇಳುತ್ತದೆ. ಇದು ವಲಸೆಯ ನೆನಪೆನ್ನುವುದಕ್ಕಿಂತ ‘ವ್ಯಾಘ್ರಲಾಂಛನ’ಕ್ಕೆ, ಎಂದರೆ ಮನೆತನದ ಮುದ್ರೆಯಾದ ಹುಲಿಯ ಗುರುತಿಗೆ, ಕಾರಣ ಹೇಳಲು ಹೆಣೆದ ಕಥೆಯೆನ್ನುವುದೇ ಸರಿ. ಎರಂಬರಗೆ (ಯಲಬುರ್ಗಾ), ಬೆಳಗುತ್ತಿ, ಕುರುಗೋಡುಗಳಲ್ಲಿ ಮನೆತನವು ಕವಲೊಡೆಯಿತು. 1953ರಲ್ಲಿ ಆದೋನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಸೇರಿದ್ದರಿಂದ ಹಳೆಯ ಸಿಂದವಾಡಿಯು ಈಗ ಎರಡು ರಾಜ್ಯಗಳಲ್ಲಿ ಹಂಚಿಹೋಗಿದೆ.