ಗುಳಿಗಿ ಖತಂ ಆಗ್ಯಾವ

ಬಹಳ ದಿನದಿಂದ ಇದನ್ನ ಬರೀಬೇಕು ಅಂದ್ಕೊಂಡಿದ್ದೆ. ನಾನು ಡಾಕ್ಟರಲ್ಲ, ಕೋಡ್ ಬರೆಯೋನು. ಒಂದು ಗುಳಿಗೆಯ ಹಿಂದೆ ಬಿದ್ದು ಓದುತ್ತಾ ಹೋದಾಗ ಸಿಕ್ಕಿದ್ದನ್ನ ಇಲ್ಲಿ ಹಾಕ್ತಿದ್ದೀನಿ ಅಷ್ಟೆ. ಸ್ವಲ್ಪ ಉದ್ದ ಆಗಬಹುದು, ಸಹಿಸ್ಕೊಳ್ಳಿ :)

ಅಮ್ಮನ ತವರು ಔರಾದ ತಾಲೂಕಿನ ಒಂದು ಹಳ್ಳಿ. ಕರ್ನಾಟಕದ ನಕಾಶೆಯಲ್ಲಿ ಎಲ್ಲಕ್ಕಿಂತ ಮೇಲಿರೋ ತುದಿ. ಅಲ್ಲಿರೋ ನನ್ನ ಸೋದರಮಾವನಿಗೆ ಚಿಕ್ಕಂದಿನಿಂದ ಮೂರ್ಛೆರೋಗ. ನಮ್ಮ ಕಡೆ ಮಿರ್ಗಿ ಅಂತಾರೆ, ಫಿಟ್ಸ್ ಅಂತಾರೆ. ಬಿದ್ದಾಗ ಕೈಗೆ ಕೀಲಿ ಕೊಡೋದು, ಉಳ್ಳಾಗಡ್ಡಿ ಮೂಸಿಸೋದು, ದರ್ಗಾಕ್ಕೆ ಕರ್ಕೊಂಡು ಹೋಗೋದು ಎಲ್ಲಾ ಆಗಿತ್ತು. ಕೊನೆಗೆ ಭಾಲ್ಕಿಯ ಡಾಕ್ಟರೊಬ್ಬರು ಗಾರ್ಡಿನಾಲ್ ಅನ್ನೋ ಪುಟ್ಟ ಗುಳಿಗೆ ಬರೆದುಕೊಟ್ಟರು. ರಾತ್ರಿ ಊಟ ಆದಮೇಲೆ ಒಮ್ಮೆ ತಗೊಳ್ಳೋದು. ಆಮೇಲೆ ವರ್ಷಗಟ್ಟಲೆ ಮಾವ ಬೀಳಲೇ ಇಲ್ಲ.

ಒಂದು ಸಲ ರಾಶಿಯ ದಿನಗಳಲ್ಲಿ ಅಂಗಡೀಲಿ ಗುಳಿಗೆ ಸಿಗಲಿಲ್ಲ. ಬೀದರಿಗೆ ಹೋಗಿ ತರೋಕೆ ಪುರುಸೊತ್ತಿಲ್ಲ. ಫೋನ್ ಮಾಡಿದಾಗ ಮಾವ ಖುಷಿಯಿಂದಲೇ ಹೇಳಿದ್ದ, "ಗುಳಿಗಿ ಖತಂ ಆಗ್ಯಾವ, ನಾಕ್ ದಿನ ಆಯ್ತು, ಏನೂ ಆಗಿಲ್ಲ ನೋಡು." ಮುಂದಿನ ವಾರ ಒಂದು ಬೆಳಗಿನ ಜಾವ ಒಂದರ ಹಿಂದೊಂದು ಫಿಟ್ಸ್. ಮಧ್ಯೆ ಎಚ್ಚರವೇ ಇಲ್ಲ. ಜೀಪಲ್ಲಿ ಹಾಕ್ಕೊಂಡು ಬೀದರಿಗೆ ಓಡಿದರು. ಉಳಿದ.

ನಾಲ್ಕು ದಿನ ಏನೂ ಆಗದೆ ಆಮೇಲೆ ಯಾಕಾಯ್ತು? ಇದೇ ಪ್ರಶ್ನೆ ಇಟ್ಕೊಂಡು ನಾನು ಓದೋಕೆ ಶುರು ಮಾಡಿದ್ದು.

ಗಾರ್ಡಿನಾಲ್ ಅನ್ನೋದು ಬ್ರ್ಯಾಂಡ್ ಹೆಸರು. ಒಳಗಿರೋದು ಫಿನೋಬಾರ್ಬಿಟಾಲ್. ಅದಕ್ಕಿಂತ ಮೊದಲು ಫಿಟ್ಸಿಗೆ ಇದ್ದದ್ದು ಬ್ರೋಮೈಡ್. 1857ರಲ್ಲಿ ಲಂಡನ್ನಿನ ಚಾರ್ಲ್ಸ್ ಲೋಕಾಕ್ ಅದರ ಉಪಯೋಗ ಹೇಳಿದ ಮೇಲೆ ಅರ್ಧ ಶತಮಾನ ಅದೇ ಗತಿ. ಜಾಸ್ತಿಯಾದರೆ ಮೈಮೇಲೆಲ್ಲ ಮೊಡವೆ, ತಲೆ ಮಂಕು. 1912ರಲ್ಲಿ ಜರ್ಮನಿಯ ಬೇಯರ್ ಕಂಪನಿ ಲುಮಿನಾಲ್ ಅನ್ನೋ ಹೆಸರಲ್ಲಿ ಫಿನೋಬಾರ್ಬಿಟಾಲ್ ಮಾರಾಟಕ್ಕೆ ಬಿಟ್ಟಿತು, ನಿದ್ದೆ ಮಾತ್ರೆಯಾಗಿ! (ನಮ್ಮ ಬೀದರ ಆಗ ನಿಜಾಮರ ಹೈದರಾಬಾದಿನಲ್ಲಿ. ಮೀರ್ ಉಸ್ಮಾನ್ ಅಲಿ ಖಾನ್ ಪಟ್ಟಕ್ಕೆ ಬಂದು ಒಂದು ವರ್ಷ.) ಫ್ರೈಬರ್ಗ್ ಊರಿನ ಆಸ್ಪತ್ರೆಯಲ್ಲಿ ಆಲ್ಫ್ರೆಡ್ ಹಾಪ್ಟ್‌ಮನ್ ಅಂತ ಒಬ್ಬ ಎಳೆಯ ಡಾಕ್ಟರ್. ಮೂರ್ಛೆರೋಗಿಗಳ ವಾರ್ಡಿನ ಮೇಲೇ ಅವನ ವಾಸ, ರಾತ್ರಿಯೆಲ್ಲ ಅವರ ಗಲಾಟೆಗೆ ನಿದ್ದೆ ಇಲ್ಲ, ಅದಕ್ಕೇ ಅವರಿಗೆ ಲುಮಿನಾಲ್ ಕೊಟ್ಟ ಅಂತ ಕತೆ ಹೇಳ್ತಾರೆ. ನೋಡಿದರೆ ಫಿಟ್ಸೇ ಕಡಿಮೆಯಾಗಿತ್ತು. ಅದೇ ವರ್ಷ ಅದನ್ನ ಪ್ರಕಟಿಸಿದ.

ಮುಂದಿನದು ಓದಿದಾಗ ನನಗೆ ಸಂಕಟವಾಯ್ತು. ಹಾಪ್ಟ್‌ಮನ್ ಯಹೂದಿ. 1935ರಲ್ಲಿ ಹಾಲೆ ವಿಶ್ವವಿದ್ಯಾಲಯದ ಹುದ್ದೆಯಿಂದ ತೆಗೆದರು, 1938ರಲ್ಲಿ ಡಾಖಾವ್ ಶಿಬಿರಕ್ಕೆ ಹಾಕಿದರು. ಹೇಗೋ ಬಿಡುಗಡೆಯಾಗಿ ಅಮೆರಿಕಾ ಸೇರಿದ, 1948ರಲ್ಲಿ ಅಲ್ಲೇ ತೀರಿಕೊಂಡ. ಅವನು ದೇಶ ಬಿಟ್ಟ ಕಾಲಕ್ಕೇ ಅಲ್ಲಿನ ಕೆಲವು ಆಸ್ಪತ್ರೆಗಳಲ್ಲಿ ನಾಜಿ ಡಾಕ್ಟರುಗಳು ಅಂಗವಿಕಲ ಮಕ್ಕಳನ್ನ ಕೊಲ್ಲೋಕೆ ಬಳಸಿದ್ದು ಇದೇ ಲುಮಿನಾಲ್, ಡೋಸ್ ಏರಿಸಿ. ಈ ಔಷಧಿಯ ಅಪಾಯ ಏನು ಅಂತ ಕೇಳಿದರೆ ಮೊದಲ ಉತ್ತರ ಅಲ್ಲೇ ಇದೆ. ಪ್ರಮಾಣ ಮೀರಿದರೆ ಉಸಿರೇ ನಿಲ್ಲುತ್ತೆ. ಜೊತೆಗೆ ಸಾರಾಯಿ ಸೇರಿದರೆ ಇನ್ನೂ ಬೇಗ.

ಈ ಕಾರಣಕ್ಕೇ 1971ರ ವಿಶ್ವಸಂಸ್ಥೆಯ ಒಪ್ಪಂದದಲ್ಲಿ ಇದು ನಿಯಂತ್ರಿತ ಔಷಧಿಗಳ ಪಟ್ಟಿಗೆ ಸೇರಿತು. ನಮ್ಮ ದೇಶದ 1985ರ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲೂ ಇದೆ. ತಮಾಷೆ ನೋಡಿ, ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೇ ಗುಳಿಗೆ, 1977ರ ಮೊದಲನೇ ಪಟ್ಟಿಯಿಂದ! ಅಂಗಡಿಯವನಿಗೆ ಲಾಭ ಕಮ್ಮಿ, ಲೆಕ್ಕ ಜಾಸ್ತಿ. ಹಳ್ಳಿ ಕಡೆ ಯಾಕೆ ಇಡ್ತಾನೆ ಹೇಳಿ?

ಹಾಗಾದ್ರೆ ಹಳ್ಳಿಗಳಲ್ಲಿ ಈ ಗುಳಿಗೆ ಕೆಲಸ ಮಾಡುತ್ತಾ? ಇದನ್ನ ಪರೀಕ್ಷೆ ಮಾಡಿ ನೋಡಿದ್ದು ನಮ್ಮ ರಾಜ್ಯದಲ್ಲೇ, ಆದರೆ ಔರಾದಕ್ಕೆ ತದ್ವಿರುದ್ಧ ತುದಿಯಲ್ಲಿ, ಯಳಂದೂರಿನಲ್ಲಿ (ಈಗ ಚಾಮರಾಜನಗರ ಜಿಲ್ಲೆ). ನಿಮ್ಹಾನ್ಸಿನಲ್ಲಿ ನರರೋಗ ವಿಭಾಗ ಕಟ್ಟಿದವರಲ್ಲಿ ಒಬ್ಬರಾದ ಡಾ. ಕೆ.ಎಸ್. ಮಣಿ ಮತ್ತವರ ತಂಡ 1990ರಲ್ಲಿ ಅಲ್ಲಿ 65 ಸಾವಿರದಷ್ಟು ಜನರ ಸರ್ವೆ ಮಾಡಿತು. ಮಣಿಯವರು ಯಾರು ಅಂದ್ರೆ, ತಲೆಗೆ ಬಿಸಿನೀರು ಸುರಿದುಕೊಂಡರೆ ಬರೋ ಮೂರ್ಛೆ ಬಗ್ಗೆ 1960ರ ದಶಕದಲ್ಲೇ ಬರೆದವರು. ಮೈಸೂರು ಸೀಮೆಯಲ್ಲಿ ಹೆಚ್ಚಾಗಿ ಕಾಣೋ ಕಾಯಿಲೆ ಅದು, ಅದರದ್ದೇ ಬೇರೆ ಪೋಸ್ಟ್ ಬರೀಬೇಕು.

ಯಳಂದೂರಿನಲ್ಲಿ ರೋಗಿಗಳಿಗೆ ಫಿನೋಬಾರ್ಬಿಟಾಲ್ ಅಥವಾ ಫೆನಿಟಾಯಿನ್, ಎರಡರಲ್ಲಿ ಒಂದನ್ನ ಕೊಟ್ಟು ವರ್ಷಾನುಗಟ್ಟಲೆ ಬೆನ್ನು ಹತ್ತಿದರು. ಸ್ಕ್ಯಾನ್ ಇಲ್ಲ, ರಕ್ತಪರೀಕ್ಷೆ ಇಲ್ಲ. 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಅರ್ಧಕ್ಕಿಂತ ಹೆಚ್ಚು ಜನರಿಗೆ ಫಿಟ್ಸ್ ಹತೋಟಿಗೆ ಬಂದಿತ್ತು. ಔಷಧಿ ಶುರುವಾಗೋ ಮುಂಚೆ ಕಡಿಮೆ ಸಲ ಬಿದ್ದವರಿಗೆ ಮತ್ತು ತಪ್ಪದೇ ನುಂಗಿದವರಿಗೆ ಗುಣ ಹೆಚ್ಚು. ಅದಕ್ಕೂ ಮೊದಲು, 1985ರಿಂದ, ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ ಮಾನಸಿಕ ಕಾಯಿಲೆಯ ಔಷಧಿಗಳ ಜೊತೆ ಇದೂ ಹೋಗುತ್ತಿತ್ತು. ಅದೇ ಮಾದರಿ 1996ರಲ್ಲಿ ರಾಷ್ಟ್ರೀಯ ಯೋಜನೆಯಾಯ್ತು. ನನಗೆ ಅನ್ನಿಸೋದು, ಎರಡೂ ಕಡೆ ಗೆದ್ದದ್ದು ಗುಳಿಗೆ ಒಂದೇ ಅಲ್ಲ, ತಿಂಗಳು ತಿಂಗಳೂ ಅದನ್ನ ತಲುಪಿಸಿದ ಕೈಗಳು.

ಸುರಕ್ಷಿತವೇ? ಪೂರ್ತಿ ಹೌದು ಅನ್ನೋಕೆ ಆಗಲ್ಲ. ಶುರುವಿಗೆ ತೂಕಡಿಕೆ, ಮಕ್ಕಳಲ್ಲಿ ಚಡಪಡಿಕೆ. ಜ್ವರದ ಫಿಟ್ಸ್ ಬರೋ ಮಕ್ಕಳಿಗೆ ಕೊಟ್ಟಾಗ ಬುದ್ಧಿಮತ್ತೆಯ ಅಂಕ ಕುಗ್ಗಿದ್ದನ್ನ 1990ರಲ್ಲಿ ಅಮೆರಿಕಾದ ಅಧ್ಯಯನ ತೋರಿಸಿತು. ಆದರೆ ಪಶ್ಚಿಮ ಬಂಗಾಳದ ಹಳ್ಳಿ ಮಕ್ಕಳ ಮೇಲೆ ನಡೆದ 1998ರ ಅಧ್ಯಯನದಲ್ಲಿ ಫೆನಿಟಾಯಿನ್ನಿಗಿಂತ ಹೆಚ್ಚಿನ ವರ್ತನೆ ತೊಂದರೆ ಕಾಣಲಿಲ್ಲ. ಬಸುರಿಯರಲ್ಲಿ ಮಗುವಿನ ಹೃದಯಕ್ಕೆ ತೊಂದರೆಯಾಗೋ ಸಂಭವ ಇದೆ, ಗರ್ಭನಿರೋಧಕ ಮಾತ್ರೆಯ ಶಕ್ತಿಯನ್ನೂ ತಗ್ಗಿಸುತ್ತೆ. ಅಪರೂಪಕ್ಕೆ ಮೈ ಸುಲಿಯೋ ಅಲರ್ಜಿ. ಹಾಗಂತ ಇದು ಮ್ಯೂಸಿಯಂ ಸೇರಿದ ಔಷಧಿಯಲ್ಲ, ಹಸುಗೂಸುಗಳ ಫಿಟ್ಸಿಗೆ ಡಾಕ್ಟರುಗಳು ಮೊದಲು ಕೈ ಹಾಕೋದು ಈಗಲೂ ಇದಕ್ಕೇ.

ಇನ್ನು ಮಾವನ ನಾಲ್ಕು ದಿನದ ಲೆಕ್ಕ. ದೊಡ್ಡವರ ರಕ್ತದಲ್ಲಿ ಈ ಔಷಧಿ ಅರ್ಧ ಆಗೋಕೇ ಹೆಚ್ಚುಕಮ್ಮಿ ಮೂರು-ನಾಲ್ಕು ದಿನ ಬೇಕು. ಅದಕ್ಕೇ ದಿನಕ್ಕೊಂದು ಸಲ ಸಾಕಾಗೋದು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತರೂ ಬ್ಯಾಟರಿ ಮೇಲೆ ನಡೆಯುತ್ತಲ್ಲ, ಹಾಗೆ. ನಾಲ್ಕನೇ ದಿನ ಮಾವನ ಮೈಯಲ್ಲಿ ಇನ್ನೂ ಸುಮಾರು ಅರ್ಧ ಉಳಿದಿತ್ತು. ಎಂಟನೇ ದಿನಕ್ಕೆ ಕಾಲುಭಾಗ. ವರ್ಷಗಟ್ಟಲೆ ಇದಕ್ಕೆ ಒಗ್ಗಿದ ಮೆದುಳು ಆಗ ತಿರುಗಿ ಬೀಳುತ್ತೆ. ಬಿಡೋದಾದರೆ ಡಾಕ್ಟರ ಕೈಯಲ್ಲಿ, ತಿಂಗಳುಗಟ್ಟಲೆ ಇಳಿಸ್ತಾ ಬಿಡಬೇಕು. ಇದನ್ನ ಮಾವನಿಗೆ ಯಾರೂ ಹೇಳಿರಲಿಲ್ಲ.

ಕೇಳೋಕೂ ಅವನಿಗೆ ಹಿಂಜರಿಕೆ. ಗುಳಿಗೆ ಇರ್ತಿದ್ದದ್ದು ದೇವರ ಫೋಟೋ ಹಿಂದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಪದೇ ಪದೇ ಮೂರ್ಛೆ ಬರೋದು ಮದುವೆ ರದ್ದಿಗೆ ಕಾರಣ ಆಗಬಹುದಿತ್ತು, 1999ರ ತಿದ್ದುಪಡಿಯಲ್ಲಿ ಅದನ್ನ ತೆಗೆದರು. ಕಾಯ್ದೆ ಹೋಯ್ತು, ಫೋಟೋ ಹಿಂದಿನ ಜಾಗ ಹೋಗಿರಲಿಲ್ಲ.

ಈಗ ಗುಳಿಗೆ ಟಿವಿ ಮೇಲೆ ಇರುತ್ತೆ, ಒಂದು ತಿಂಗಳದ್ದು ಮುಂಗಡವಾಗಿ. ಹೋದ ಸಲ ಬೀದರಿನ ಡಾಕ್ಟರು ಹೊಸ ಔಷಧಿ ಬಂದಿವೆ, ಮಂಪರು ಕಮ್ಮಿ, ನಿಧಾನಕ್ಕೆ ಬದಲಿಸೋಣವಾ ಅಂದರಂತೆ. ಮಾವ ಕೇಳಿದ್ದು ಒಂದೇ.

"ಔರಾದದಾಗ ಸಿಗ್ತದೇನ್ರಿ ಅದು?"