ಕೆಂಪು ದೀಪ ಇನ್ನೆಷ್ಟು ಹೊತ್ತು?

ನಾಲ್ಕು ದಾರಿ ಕೂಡುವಲ್ಲಿ ನಿಂತು ನಮ್ಮನ್ನು ತಡೆಯುವ ದೀಪದ ಕಂಬ ಮೂಲದಲ್ಲಿ ರೈಲಿನ ಮನೆತನದ್ದು. 1868ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಭವನದ ಬಳಿ ಇಂಥ ಮೊದಲ ಕಂಬ ನಿಲ್ಲಿಸಿದವನು ಜಾನ್ ಪೀಕ್ ನೈಟ್ ಎಂಬ ರೈಲ್ವೆಯವನು. ಮೋಟಾರು ಆಗ ಇರಲಿಲ್ಲ. ಕುದುರೆಗಾಡಿಗಳ ನಡುವೆ ರಸ್ತೆ ದಾಟುವ ಜನರನ್ನು ಉಳಿಸುವುದೇ ಉದ್ದೇಶ. ಹಗಲಿಗೆ ಏರುವ ಇಳಿಯುವ ತೋಳು, ರಾತ್ರಿಗೆ ಗ್ಯಾಸಿನ ಕೆಂಪು ಹಸಿರು ದೀಪ. ತಿರುಗಿಸಲು ಪಕ್ಕದಲ್ಲಿ ಒಬ್ಬ ಪೊಲೀಸ್. 1869ರ ಜನವರಿಯಲ್ಲಿ ಗ್ಯಾಸು ಸಿಡಿದು ಪಾಪ, ಆ ಪೊಲೀಸನೇ ಗಾಯಗೊಂಡ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ವಿದ್ಯುತ್ತಿನ ದೀಪ ಬಂದದ್ದು 1914ರಲ್ಲಿ. ನಮ್ಮ ಬೆಂಗಳೂರಿನ ಕಾರ್ಪೊರೇಷನ್ ವೃತ್ತಕ್ಕೆ ದೀಪ ಬಂದದ್ದು 1963ರಲ್ಲಿ.

ನಮ್ಮ ಬೆಳಗಾವಿಗೂ ಸಿಗ್ನಲ್ಲಿನ ಪಾಠ ಮೊದಲು ಹೇಳಿದ್ದು ರೈಲೇ. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಆ ದಶಕದಲ್ಲೇ ಬೆಳಗಾವಿಯಿಂದ ಖಾನಾಪುರದ ಮೇಲೆ ಹಾದು ಲೋಂಡಾ ಕಾಡಿನವರೆಗೆ ಹಳಿ ಹಾಸಿತು. ಒಂಟಿ ಹಳಿ. ಎದುರುಬದುರು ಎರಡು ಗಾಡಿ ಬಂದರೆ ಗತಿ ಏನು? ಒಂಟಿ ಹಳಿಯ ದಾರಿಗಳಿಗೆ ರೈಲಿನವರು ಕಂಡುಕೊಂಡ ಉಪಾಯ ಟೋಕನ್. ಎರಡು ಸ್ಟೇಷನ್ನುಗಳಲ್ಲಿ ಎರಡು ಯಂತ್ರ, ನಡುವೆ ವಿದ್ಯುತ್ತಿನ ತಂತಿ. ಒಂದು ಯಂತ್ರದಿಂದ ಒಂದು ಟೋಕನ್ ಹೊರಗೆ ತೆಗೆದರೆ, ಅದು ಮತ್ತೆ ಯಂತ್ರ ಸೇರುವವರೆಗೆ ಎರಡರಿಂದಲೂ ಇನ್ನೊಂದು ಹೊರಬರುವುದಿಲ್ಲ. ಆ ಟೋಕನ್ ಕೈಯಲ್ಲಿದ್ದ ಚಾಲಕನಿಗಷ್ಟೇ ಮುಂದಿನ ದಾರಿ. ದೊಡ್ಡ ಬಳೆಯಂಥ ಕೋಲಿಗೆ ಚೀಲ ಕಟ್ಟಿ, ಓಡುವ ಇಂಜಿನ್ನಿಗೆ ಅದನ್ನು ದಾಟಿಸುವುದನ್ನು ನಮ್ಮ ವಯಸ್ಸಿನವರೆಲ್ಲ ಬೆರಗಿನಿಂದ ನೋಡಿದ್ದೇವೆ. ಗಾಡಿಗೂ ದಾರಿಗೂ ನಡೆಯುವ ಮಾತುಕತೆಯೆಂದರೆ ಅದೇ.

ಟಿಳಕವಾಡಿಯ ಕಡೆ ಇರುವವರಿಗೆ ಮೊದಲನೆಯ ಗೇಟು, ಎರಡನೆಯ ಗೇಟು, ಮೂರನೆಯ ಗೇಟು ಎಂದರೆ ಬಿಡಿಸಿ ಹೇಳಬೇಕಿಲ್ಲ. ಖಾನಾಪುರ ರಸ್ತೆಯ ಮೂರನೆಯ ಗೇಟಿಗೆ 2022ರಲ್ಲಿ ಮೇಲ್ಸೇತುವೆ ಬಂತು. ಅದಕ್ಕೆ ಮೊದಲು ಬಸ್ಸು, ಸೈಕಲ್ಲು, ಹಾಲಿನ ಕ್ಯಾನು, ಶಾಲೆಯ ಮಕ್ಕಳು ಎಲ್ಲ ಅಲ್ಲಿ ಒಂದೇ ಸಾಲು. ಸಿಗ್ನಲ್ಲಿಗೆ ಜೋಡಿಸಿದ ಗೇಟು ಮುಚ್ಚಿ ಬೀಗ ಬಿದ್ದ ಹೊರತು ರೈಲಿಗೆ ಹಸಿರು ಸಿಗುವುದಿಲ್ಲ. ಗೇಟಿನವನ ಕೈಯಲ್ಲೂ ಏನೂ ಇಲ್ಲ. "ಗಾಡಿ ಎಲ್ಲಿ ಐತ್ರೀ?" ಎಂದು ಒಬ್ಬರನ್ನೊಬ್ಬರು ಕೇಳುವುದು, ಉತ್ತರ ಯಾರಿಗೂ ಗೊತ್ತಿಲ್ಲ. ರೈಲಿಗೂ ಸಿಗ್ನಲ್ಲಿಗೂ ಗೇಟಿಗೂ ಮಾತು ನಡೆದಿತ್ತು. ಹೊರಗೆ ನಿಂತವರಿಗೆ ಹೇಳುವವರು ಮಾತ್ರ ಇರಲಿಲ್ಲ. ಕಾಯುವುದಕ್ಕಿಂತ, ಎಷ್ಟು ಕಾಯಬೇಕೆಂದು ತಿಳಿಯದಿರುವುದೇ ಹೆಚ್ಚು ದಣಿಸುತ್ತದೆ. ಒಲೆಯ ಮೇಲೆ ಬೇಳೆ ಇಟ್ಟವರಿಗೆ ಇದು ಗೊತ್ತು.

ರಸ್ತೆಯ ಮೇಲೆ ಕಾರು ದೀಪದೊಡನೆ ಮಾತಾಡಬೇಕೆಂದು ಹೊರಟವನೂ ರೈಲ್ವೆ ಸಿಗ್ನಲ್ಲಿನವನೇ. ಅಮೆರಿಕದ ಬಾಲ್ಟಿಮೋರಿನ ಚಾರ್ಲ್ಸ್ ಆಡ್ಲರ್ 1928ರಲ್ಲಿ ಒಂದು ದೀಪ ನಿಲ್ಲಿಸಿದ. ಅದರ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆದರೆ ಅದು ಕೇಳಿಸಿಕೊಂಡು ಹಸಿರಾಗುತ್ತಿತ್ತು! ನಮ್ಮ ಊರುಗಳಲ್ಲಿ ಇಂದಿಗೂ ಹಾರ್ನ್ ಹೊಡೆದರೆ ದೀಪ ಬದಲಾಗುವುದೆಂದು ನಂಬಿದವರಿದ್ದಾರೆ. ಅವರಿಗೆ ಈ ಕಥೆ ತಿಳಿಯದಿರಲಿ.

ಈಗಿನ ಮಾತುಕತೆಗೆ ಸದ್ದಿಲ್ಲ. ದೀಪದ ಯಂತ್ರ ತನ್ನ ಬಣ್ಣ ಯಾವುದು, ಬದಲಾಗಲು ಎಷ್ಟು ಸೆಕೆಂಡು ಎಂಬುದನ್ನು ರೇಡಿಯೋ ಅಲೆಯಲ್ಲೋ ಮೊಬೈಲ್ ಜಾಲದಲ್ಲೋ ಕಳಿಸುತ್ತದೆ. ಕಾರು ತನ್ನ ದೂರ, ವೇಗ ಲೆಕ್ಕ ಹಾಕಿ ಚಾಲಕನ ಮುಂದೆ ತೋರಿಸುತ್ತದೆ. 2016ರಲ್ಲಿ ಆಡಿ ಕಂಪನಿ ಲಾಸ್ ವೇಗಾಸಿನಲ್ಲಿ ಇದನ್ನು ಶುರು ಮಾಡಿತು, 2019ರಲ್ಲಿ ಜರ್ಮನಿಯ ಇಂಗೋಲ್‌ಸ್ಟಾಟಿಗೆ ತಂದಿತು. ಈ ವೇಗದಲ್ಲಿ ಹೋದರೆ ಹಸಿರು ಸಿಕ್ಕೀತು ಎಂದು ಹೇಳುವ ಕಾರುಗಳೂ ಇವೆ. ನಮ್ಮಲ್ಲಿ 2025ರಲ್ಲಿ ಬೆಂಗಳೂರು ಸಂಚಾರ ಪೊಲೀಸರ ಜೊತೆಗೂಡಿ ಮ್ಯಾಪಲ್ಸ್ ಎಂಬ ದೇಶೀ ನಕ್ಷೆಯವರು ಸಿಗ್ನಲ್ಲಿನ ಉಳಿದ ಸೆಕೆಂಡುಗಳನ್ನು ಮೊಬೈಲಿನಲ್ಲೇ ತೋರಿಸತೊಡಗಿದರು. ದುಬಾರಿ ಕಾರು ಬೇಕಿಲ್ಲ, ಫೋನ್ ಸಾಕು. ಕಾಯುವ ಹೊತ್ತು ತಿಳಿದರೆ ಇಂಜಿನ್ ಆರಿಸಬಹುದು, ಪೆಟ್ರೋಲ್ ಉಳಿಸಬಹುದು, ಕೊನೆಯ ಗಳಿಗೆಯಲ್ಲಿ ನುಗ್ಗುವುದು ತಪ್ಪೀತು. ಒಳ್ಳೆಯದೇ.

ಆದರೆ ನಡೆದು ಹೋಗುವವರ ಸಂಗತಿ? 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ 20ರ ಪಟ್ಟಿಯಲ್ಲೇ ಬೆಳಗಾವಿಯ ಹೆಸರಿತ್ತು. ಇಂದಲ್ಲ ನಾಳೆ ಬೆಂಗಳೂರಿನ ಸೌಕರ್ಯ ಇಲ್ಲಿಗೂ ಬಂದೀತು. ಆಗ ರಾಣಿ ಚನ್ನಮ್ಮ ವೃತ್ತದಲ್ಲಿ ಕಾಯಿಪಲ್ಲೆಯ ಚೀಲ ಹಿಡಿದು, ಇನ್ನೊಂದು ಕೈಯಲ್ಲಿ ಮಗುವನ್ನು ಹಿಡಿದು ನಿಂತ ತಾಯಿಗೆ ಯಾವ ದೀಪ ಮಾತಾಡುತ್ತದೆ? ಗಣಿತದ ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ರಸ್ತೆಯ ಅಗಲ 14 ಮೀಟರ್ ಎನ್ನಿ. ಇಂಜಿನಿಯರುಗಳು ಸಾಮಾನ್ಯವಾಗಿ ಹಿಡಿಯುವಂತೆ ಸೆಕೆಂಡಿಗೆ 1.2 ಮೀಟರ್ ನಡೆದರೆ ಸುಮಾರು 12 ಸೆಕೆಂಡು ಸಾಕು. ಮೊಣಕಾಲು ನೋಯುವ ಅಜ್ಜಿ 0.8 ಮೀಟರ್ ನಡೆದರೆ 17.5 ಸೆಕೆಂಡು ಬೇಕು. ಅಂದರೆ ಅಜ್ಜಿ ಇನ್ನೂ ನಡುರಸ್ತೆಯಲ್ಲಿರುವಾಗಲೇ ಅತ್ತ ಕಾರಿನವನಿಗೆ "ಹೊರಡು" ಎಂಬ ಸುದ್ದಿ ಮುಟ್ಟಿರುತ್ತದೆ.

ಬಾಲ್ಟಿಮೋರಿನ ಆಡ್ಲರನಿಗೆ ಇದು ಬೇಗ ಹೊಳೆಯಿತೆಂದು ಕಾಣುತ್ತದೆ. ಹಾರ್ನ್ ಕೇಳುವ ದೀಪ ಮಾಡಿದ ಮರುವರ್ಷವೇ, 1929ರಲ್ಲಿ, ನಡೆಯುವವರು ಗುಂಡಿ ಒತ್ತಿ ವಾಹನ ನಿಲ್ಲಿಸುವ ದೀಪವನ್ನೂ ಆತ ಮಾಡಿದ. ಕಾರಿಗೆ ಕೊಟ್ಟ ಮಾತಿನ ಹಕ್ಕನ್ನು ಕಾಲಿಗೂ ಕೊಟ್ಟ.

ಹೊಸ ಸೌಕರ್ಯ ಬರಲಿ, ಬೇಡವೆನ್ನುವವಳು ನಾನಲ್ಲ. ಆದರೆ ಸೆಕೆಂಡಿನ ಅಂಕಿ ಕಾರಿನೊಳಗೆ, ಫೋನಿನೊಳಗೆ ಅಡಗಿ ಕೂರದೆ ಕಂಬದ ಮೇಲೂ ದೊಡ್ಡದಾಗಿ ಇರಲಿ. ದಾಟುವವರ ದೀಪಕ್ಕೆ ಅಜ್ಜಿಯ ನಡಿಗೆಯೇ ಅಳತೆಯಾಗಲಿ. ವಾರ್ಡಿನ ಸಭೆಗೆ ಹೋಗುವ ಗೆಳತಿಯರು ಮುಂದಿನ ಸಲ ಇಷ್ಟು ಕೇಳಿ ಬನ್ನಿ: ನಮ್ಮ ವೃತ್ತದಲ್ಲಿ ನಡೆಯುವವರಿಗೆ ಎಷ್ಟು ಸೆಕೆಂಡು ಇಟ್ಟಿದ್ದೀರಿ?