‘ಶ್ರಿಂಕ್’ ಎಂದರೇನು? ಬಟ್ಟೆಗೊಂದು ಅರ್ಥ, ಕಿಡ್ನಿಗೆ ಇನ್ನೊಂದು

‘ಕಿಡ್ನಿ ಶ್ರಿಂಕ್ ಆಗಿದೆ’ ಎಂದು ಸ್ಕ್ಯಾನಿಂಗ್ ಮಾಡಿದವರು ಹೇಳಿದರೆ ಮನೆಯವರು ಕೇಳುವ ಮೊದಲ ಪ್ರಶ್ನೆ: ಮತ್ತೆ ದೊಡ್ಡದು ಮಾಡಲು ಔಷಧ ಇದೆಯೇ? ಉತ್ತರಕ್ಕೆ ಮೊದಲು ಈ ಪದವನ್ನೇ ಸ್ವಲ್ಪ ನೋಡೋಣ.

ಹಳೆಯ ಇಂಗ್ಲಿಷ್‌ನಲ್ಲಿ ಇದರ ಮೂಲ ಅರ್ಥ ಬಾಡು, ಒಣಗಿ ಸುಕ್ಕಾಗು. ಕನ್ನಡದಲ್ಲಿ ಹಡಗಲಿಯ ಮಲ್ಲಿಗೆ ಬಾಡುತ್ತದೆ, ಮಳೆ ಕೈಕೊಟ್ಟರೆ ಕೂಡ್ಲಿಗಿಯ ಶೇಂಗಾ ಕಾಳು ಮುರುಟುತ್ತದೆ, ಕೆರೆ ಬತ್ತುತ್ತದೆ, ಮೈ ಸೊರಗುತ್ತದೆ, ಮನಸ್ಸು ಕುಗ್ಗುತ್ತದೆ. ಇಂಗ್ಲಿಷ್‌ನಲ್ಲಿ ಇವುಗಳಲ್ಲಿ ಕೆಲವಕ್ಕೆ ‘ಶ್ರಿಂಕ್’ ಒಂದೇ ಸಾಕು. ಹಾಗಾಗಿ ಈ ಪದ ಕೇಳಿದಾಗ ಎರಡು ಪ್ರಶ್ನೆ ಹಾಕಿಕೊಳ್ಳಬೇಕು: ಏಕೆ ಕುಗ್ಗಿತು? ಮತ್ತೆ ಮೊದಲಿನಂತಾಗುತ್ತದೆಯೇ?

ಎರೆಮಣ್ಣು: ಮರಳಿ ಹಿಗ್ಗುತ್ತದೆ

ಹರಪನಹಳ್ಳಿ, ಹಡಗಲಿ ಕಡೆಯ ಎರೆಹೊಲಗಳು ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುತ್ತವೆ. ಈ ಮಣ್ಣಿನ ಜೇಡಿಕಣಗಳ ಪದರಗಳ ನಡುವೆ ನೀರು ಸೇರಿದರೆ ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಮಳೆ ಬಿದ್ದರೆ ಬಿರುಕು ಮುಚ್ಚುತ್ತದೆ. ಎರೆ ನೆಲದ ಮೇಲೆ ಆಳದ ಪಾಯವಿಲ್ಲದೆ ಕಟ್ಟಿದ ಗೋಡೆ ಸೀಳುವುದಕ್ಕೂ ಇದೇ ಕಾರಣ.

ಬಟ್ಟೆ: ಸಾಮಾನ್ಯವಾಗಿ ಮರಳುವುದಿಲ್ಲ

ನೇಯುವಾಗ ಹತ್ತಿ ನೂಲನ್ನು ಎಳೆದು ಹಿಡಿದಿರುತ್ತಾರೆ. ಮೊದಲ ಒಗೆತದಲ್ಲಿ ಆ ಬಿಗಿತ ಸಡಿಲಗೊಂಡು ಬಟ್ಟೆ ಗಿಡ್ಡವಾಗುತ್ತದೆ. ನೂಲು ಕಡಿಮೆಯಾಗಿರುವುದಿಲ್ಲ.

ಜಲಾಶಯ: ಕುಗ್ಗಿದ್ದು ಜಾಗ

ಹಗರಿಬೊಮ್ಮನಹಳ್ಳಿಯವರೆಗೂ ಹಿನ್ನೀರು ಚಾಚಿರುವ ತುಂಗಭದ್ರಾ ಜಲಾಶಯದ ಸಾಮರ್ಥ್ಯ 1953ರಲ್ಲಿ ಸುಮಾರು 133 ಟಿಎಂಸಿ ಇತ್ತು, ಈಗ ಸುಮಾರು 105. ಅಣೆಕಟ್ಟು ಒಂದಿಂಚೂ ಚಿಕ್ಕದಾಗಿಲ್ಲ. ಹೂಳು ತುಂಬಿ ನೀರಿನ ಜಾಗ ಕಡಿಮೆಯಾಗಿದೆ.

ಕಿಡ್ನಿ: ಉಳಿದದ್ದನ್ನು ಉಳಿಸಿಕೊಳ್ಳಬೇಕು

ದೊಡ್ಡವರ ಕಿಡ್ನಿ ಸಾಮಾನ್ಯವಾಗಿ 10ರಿಂದ 12 ಸೆಂ.ಮೀ. ಉದ್ದ ಇರುತ್ತದೆ. ಬಹಳ ವರ್ಷ ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಅಥವಾ ಬಿ.ಪಿ. ಇದ್ದರೆ ರಕ್ತ ಸೋಸುವ ನೆಫ್ರಾನ್‌ಗಳು ಸಾಯುತ್ತಾ ಹೋಗಿ, ಆ ಜಾಗದಲ್ಲಿ ಗಾಯದ ಕಲೆಯಂಥ ಅಂಗಾಂಶ ಬೆಳೆದು ಕಿಡ್ನಿ ಮುದುಡುತ್ತದೆ. ಇದು ಎರೆಮಣ್ಣಿನಂತಲ್ಲ. ಹೆಚ್ಚು ನೀರು ಕುಡಿದರೆ ಕಿಡ್ನಿ ಮತ್ತೆ ಉಬ್ಬುತ್ತದೆ ಎಂಬುದು ತಪ್ಪು ನಂಬಿಕೆ. ಕಿಡ್ನಿ ತೀರಾ ಸೋತವರಿಗೆ ಅತಿಯಾದ ನೀರು ಅಪಾಯವೂ ಹೌದು. ಸತ್ತ ನೆಫ್ರಾನ್‌ಗಳನ್ನು ಮರಳಿ ಬೆಳೆಸುವ ಸೊಪ್ಪು, ಬೇರು, ಭಸ್ಮ ಯಾವುದೂ ಇಲ್ಲ. ಕೆಲವು ನಾಟಿ ಔಷಧಗಳು ಉಳಿದ ಕಿಡ್ನಿಗೂ ಹಾನಿ ಮಾಡಬಲ್ಲವು. ಹೊಲದ ಕೆಲಸದ ಮೈಕೈ ನೋವಿಗೆಂದು ಅಂಗಡಿಯಿಂದ ತಂದು ದಿನವೂ ನುಂಗುವ ನೋವಿನ ಮಾತ್ರೆಯೂ ಅಷ್ಟೇ.

ಹಾಗೆಂದು ಎದೆಗುಂದಬೇಕಿಲ್ಲ. ಕೆಲವರಿಗೆ ಒಂದು ಕಿಡ್ನಿ ಹುಟ್ಟಿನಿಂದಲೇ ಚಿಕ್ಕದಿದ್ದು, ಇನ್ನೊಂದು ಸರಿಯಾಗಿ ಕೆಲಸ ಮಾಡುತ್ತಿರುತ್ತದೆ. ಕೆಲಸ ಎಷ್ಟು ಉಳಿದಿದೆ ಎಂಬುದನ್ನು ಉದ್ದವೊಂದೇ ಹೇಳದು. ಅದಕ್ಕೆ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಪ್ರೋಟೀನ್ ಪರೀಕ್ಷೆ ಬೇಕು. ಬಿ.ಪಿ., ಸಕ್ಕರೆ, ಉಪ್ಪು ಹತೋಟಿಯಲ್ಲಿದ್ದರೆ ಉಳಿದ ನೆಫ್ರಾನ್‌ಗಳು ಹೆಚ್ಚು ಕಾಲ ಬಾಳುತ್ತವೆ.

ಕುಗ್ಗಿದರೆ ಒಳ್ಳೆಯದೂ ಉಂಟು

‘ಗಡ್ಡೆ ಶ್ರಿಂಕ್ ಆಗಿದೆ’ ಎಂದರೆ ಚಿಕಿತ್ಸೆ ಫಲಿಸುತ್ತಿದೆ ಎಂದರ್ಥ. ಆದರೆ ಕುಗ್ಗಿದ್ದು ಹೋಗಿಬಿಟ್ಟಂತಲ್ಲ. ಈ ಮಾತು ಕೇಳಿ ಚಿಕಿತ್ಸೆಯನ್ನು ಅರ್ಧಕ್ಕೇ ನಿಲ್ಲಿಸಬಾರದು.

ವೈದ್ಯರಿಗೂ ಇದೇ ಹೆಸರು!

ಅಮೆರಿಕದ ಆಡುಮಾತಿನಲ್ಲಿ ಮನೋವೈದ್ಯರನ್ನೂ ‘ಶ್ರಿಂಕ್’ ಎನ್ನುತ್ತಾರೆ. ತಲೆ ಕುಗ್ಗಿಸುವವರು ಎಂಬ ಗೇಲಿಯಿಂದ ಹುಟ್ಟಿದ ಹೆಸರು ಇದು. ಅವರು ಯಾರ ತಲೆಯನ್ನೂ ಕುಗ್ಗಿಸುವುದಿಲ್ಲ. ಕುಗ್ಗಿದ ಮನಸ್ಸಿಗೆ ಮಾತ್ರ ಅವರಿಂದ ನೆರವು ಸಿಗುತ್ತದೆ. ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.

ಮುಂದೆ ವರದಿಯಲ್ಲಿ ‘ಶ್ರಿಂಕ್’ ಎಂದು ಕಂಡರೆ ವೈದ್ಯರನ್ನು ಕೇಳಿ: ಏಕೆ ಕುಗ್ಗಿದೆ, ಎಷ್ಟು ಕೆಲಸ ಉಳಿದಿದೆ, ಅದನ್ನು ಉಳಿಸಿಕೊಳ್ಳಲು ಏನು ಮಾಡಬೇಕು?